ಕನ್ನಡ ನಿಲ್ಲಿಸಲೇ ಎಂದು ಕೇಳಿದವಳಿಗೆ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಿಂದ ನಮ್ಮ ಚಿಕ್ಕ ಸೊಸೆ ನಮ್ಮ ಮನೆಯವರ ಈ ಗುಂಪಿನಲ್ಲಿ ರಾತ್ರಿ ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆ ಎದ್ದವಳೇ ಓದಿದೆ. ಮಗನಿಗೆ ಎರಡೂವರೆ ವರ್ಷವಾದರೂ ಬಿಡಿ ಬಿಡಿ ಮಾತುಗಳೇ, ಡೇಕೇರ್‌ನವರು ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿ ಎನ್ನುತ್ತಿದ್ದಾರೆ, ಕನ್ನಡ ನಿಲ್ಲಿಸಲೇ ಎಂದು ಕೇಳಿದ್ದೀಯ. ಉತ್ತರ ಉದ್ದವಾಗುತ್ತದೆ, ಪೂರ್ತಿ ಕೇಳಮ್ಮಾ. ಯಾರು ಏನೇ ಹೇಳಲಿ, ಮನೆಯಲ್ಲಿ ಕನ್ನಡ ಆಡುವುದನ್ನು ನಿಲ್ಲಿಸಬೇಡ.

ಮಿಶಿಗನ್ ಅಣ್ಣನ ದೊಡ್ಡ ಮಗನನ್ನು ನೀವೆಲ್ಲ ಬಲ್ಲಿರಿ. ಆದರೆ ಅವನಿಗೆ ಕನ್ನಡ ತಪ್ಪಿಹೋದದ್ದು ಹೇಗೆ ಎಂಬುದನ್ನು ಹತ್ತಿರದಿಂದ ನೋಡಿದವಳು ನಾನು. ತೊಂಬತ್ತರ ದಶಕದಲ್ಲಿ ಅತ್ತಿಗೆಯ ಎರಡನೆಯ ಬಾಣಂತನಕ್ಕೆಂದು ನಾನು ಅಲ್ಲಿದ್ದಾಗ ಅವನಿಗೆ ಹೆಚ್ಚುಕಡಿಮೆ ನಿನ್ನ ಮಗನದೇ ವಯಸ್ಸು. ಅವನಿಗೂ ಮಾತು ತಡವಾಗಿತ್ತು. ಅವನು ಹೋಗುತ್ತಿದ್ದ ಶಿಶುವಿಹಾರದ ಟೀಚರ್ ಒಬ್ಬರು ಅಣ್ಣ ಅತ್ತಿಗೆಯರನ್ನು ಕೂರಿಸಿಕೊಂಡು, ಎರಡು ಭಾಷೆಗಳಿಂದ ಮಗುವಿಗೆ ಗೊಂದಲವಾಗುತ್ತಿದೆ, ಮನೆಯ ಭಾಷೆಯನ್ನು ಸದ್ಯಕ್ಕೆ ಬಿಟ್ಟುಬಿಡಿ ಎಂದರು. ಮರುದಿನದಿಂದಲೇ ಮನೆಯಲ್ಲಿ ಇಂಗ್ಲಿಷ್ ಶುರುವಾಯಿತು.

ಅತ್ತಿಗೆ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಬ್ಯಾಂಕಿಗೆ, ಅಂಗಡಿಗೆ ಬೇಕಾಗುವಷ್ಟು ಇಂಗ್ಲಿಷ್ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು, ಆದರೆ ಮಗುವನ್ನು ಮುದ್ದು ಮಾಡುವ ಇಂಗ್ಲಿಷ್ ಎಲ್ಲಿಂದ ಬರಬೇಕು? ಅಲ್ಲಿಯವರೆಗೆ ಊಟಕ್ಕೆ ಕೂತರೆ ಇದು ಗುಬ್ಬಿಯ ತುತ್ತು, ಇದು ಕಾಗೆಯ ತುತ್ತು, ಇದು ಉಡುಪಿ ಅಜ್ಜಿಯ ತುತ್ತು, ಅಜ್ಜಿ ಈಗ ಏನು ಮಾಡುತ್ತಿರಬಹುದು ಹೇಳು ನೋಡೋಣ ಎಂದು ತಟ್ಟೆ ಖಾಲಿಯಾಗುವವರೆಗೂ ಮಾತು ಹರಿಯುತ್ತಿತ್ತು. ಆಮೇಲೆ ಅದೇ ಮೇಜಿನಲ್ಲಿ ನನಗೆ ಕೇಳಿಸಿದ್ದು 'ಓಪನ್', 'ಈಟ್', 'ನೋ', 'ಫಿನಿಶ್' ಇಷ್ಟೇ. ಮಾತು ಕಲಿಯಬೇಕಾದ ಮಗುವಿನ ಮನೆಯಲ್ಲಿ ಮಾತೇ ಕಡಿಮೆಯಾಯಿತು.

ತಡಕ್ಕೆ ಕಾರಣ ಭಾಷೆಯಾಗಿರಲಿಲ್ಲ. ಒಂದು ವರ್ಷದ ಮೇಲೆ ಕಿವಿಯ ವೈದ್ಯರಿಗೆ ತೋರಿಸಿದಾಗ, ಪದೇ ಪದೇ ನೆಗಡಿಯಾಗಿ ಎರಡೂ ಕಿವಿಗಳ ತಮಟೆಯ ಹಿಂದೆ ನೀರು ನಿಂತಿರುವುದು ತಿಳಿಯಿತು. ಯಾವ ಭಾಷೆ ಆಡಿದ್ದರೂ ಅವನಿಗೆ ಮಸುಕಾಗಿಯೇ ಕೇಳಿಸುತ್ತಿತ್ತು. ಆ ನೀರು ಹೋಗಲೆಂದು ಕಿವಿಯ ತಮಟೆಯಲ್ಲಿ ಪುಟ್ಟ ಕೊಳವೆಗಳನ್ನು ಇಟ್ಟ ಮೇಲೆ ಕೆಲವೇ ತಿಂಗಳಲ್ಲಿ ಅರಳು ಹುರಿದಂತೆ ಮಾತಾಡತೊಡಗಿದ, ಆದರೆ ಆ ಹೊತ್ತಿಗೆ ಮನೆಯಲ್ಲಿ ಉಳಿದಿದ್ದದ್ದು ಇಂಗ್ಲಿಷ್ ಮಾತ್ರ. ಟೀಚರ್ ಹೇಳಿದ್ದ 'ಸದ್ಯಕ್ಕೆ' ಎಂಬುದು ಮುಗಿಯಲೇ ಇಲ್ಲ. ನಮ್ಮ ಅಮ್ಮ, ಅಂದರೆ ಅವನ ಅಜ್ಜಿ, ಹಾಸಿಗೆ ಹಿಡಿದಾಗ ಅವನು ಅಷ್ಟು ದೂರದಿಂದ ಬಂದು, ಅವಳ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದ. ಒಳ್ಳೆಯ ಹುಡುಗ, ಅವನಲ್ಲಿ ಕೊರತೆ ಹುಡುಕಬಾರದು. ಅಮ್ಮ ಒಂದೊಂದು ಮಾತು ಆಡಿದಾಗಲೂ ಅವನು ನನ್ನ ಮುಖ ನೋಡುತ್ತಿದ್ದ, ನಾನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಅಜ್ಜಿ ಮೊಮ್ಮಗನ ನಡುವೆ ನಾನೇಕೆ ಇರಬೇಕಾಗಿತ್ತು?

ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ಕನ್ನಡವನ್ನು ನಿಲ್ಲಿಸಬೇಡ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘದವರೂ ವಾಕ್ ತಜ್ಞರ ಸಂಘದವರೂ ಈಗ ಸ್ಪಷ್ಟವಾಗಿ ಹೇಳುತ್ತಾರೆ. ನಮ್ಮ ಅಮ್ಮನಿಗೆ ಮನೆಯಲ್ಲಿ ಕೋಟ ಕನ್ನಡ, ಬೀದಿಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಪುಸ್ತಕದ ಕನ್ನಡ. ಉಡುಪಿಯಲ್ಲಿ ಇದನ್ನು ಯಾರೂ ಹೊರೆ ಎಂದುಕೊಂಡಿರಲಿಲ್ಲ.

ಈಗ ಬೆಂಗಳೂರಿನವರಿಗೂ ಒಂದು ಮಾತು, ಬೇಸರವಾದರೂ ಆಗಲಿ. ಹೊರದೇಶದ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ಆಡಿಕೊಳ್ಳುವವರೆಲ್ಲ ಆ ಮಕ್ಕಳು ಮನೆಗೆ ಬಂದಾಗ ಯಾವ ಭಾಷೆಯಲ್ಲಿ ಮಾತಾಡಿಸುತ್ತೀರಿ? ಕಳೆದ ಉಪನಯನದಲ್ಲಿ ಆಸ್ಟ್ರೇಲಿಯಾದಿಂದ ಬಂದಿದ್ದ ಹುಡುಗಿ ತಾನಾಗಿ ಬಂದು 'ನನಗೆ ನೀರು ಬೇಕು' ಎಂದು ಸರಿಯಾಗಿ ಕೇಳಿದರೆ, ಸುತ್ತ ಇದ್ದವರೆಲ್ಲ 'ಸೋ ಕ್ಯೂಟ್' ಎಂದು ನಕ್ಕು ಅವಳ ಉಚ್ಚಾರಣೆಯನ್ನೇ ಆಡಿ ತೋರಿಸಿದಿರಿ. ಆ ಮಗು ಮತ್ತೆ ಸಂಜೆಯವರೆಗೆ ಕನ್ನಡದಲ್ಲಿ ಬಾಯಿ ಬಿಡಲಿಲ್ಲ. ತಾಯಿ ತಂದೆ ವರ್ಷಗಟ್ಟಲೆ ಕಷ್ಟಪಟ್ಟು ಕಲಿಸಿದ್ದನ್ನು ನಾವು ಒಂದು ನಗುವಿನಲ್ಲಿ ಮುಚ್ಚಿಸಿದೆವು. ವಿಡಿಯೋ ಕಾಲ್‌ನಲ್ಲಿಯೂ ಅದೇ ಕಥೆ. ಅದು ಹೇಳು, ಇದು ಹೇಳು ಎಂದು ಪರೀಕ್ಷೆ ಮಾಡುತ್ತೀರೇ ಹೊರತು ಮಗು ಕೈಯಲ್ಲಿ ಹಿಡಿದ ಆಟಿಕೆಯ ಬಗ್ಗೆ ಕನ್ನಡದಲ್ಲಿ ನಾಲ್ಕು ಮಾತಾಡುವುದಿಲ್ಲ. ಮನೆಯ ಹಿರಿಯರೇ ಇಂಗ್ಲಿಷಿಗೆ ತಿರುಗಿದರೆ ಆ ಮಗುವಿಗೆ ಕನ್ನಡ ಯಾರೊಡನೆ ಬೇಕು? ಇದನ್ನು ಎಷ್ಟು ಸಲ ಹೇಳಿದರೂ ಯಾರ ಕಿವಿಗೂ ಬೀಳುವುದಿಲ್ಲ.

ಅಯ್ಯೋ, ಕಿವಿ ಎಂದಾಗ ನೆನಪಾಯಿತು, ಮುಖ್ಯವಾದದ್ದನ್ನೇ ಇನ್ನೂ ಹೇಳಲಿಲ್ಲ. ಸೊಸೆಯೇ, ಭಾಷೆಯ ಚಿಂತೆ ಬಿಟ್ಟು ಮೊದಲು ಮಗುವಿನ ಶ್ರವಣ ಪರೀಕ್ಷೆ ಮಾಡಿಸು. ಹುಟ್ಟಿದಾಗ ಆಸ್ಪತ್ರೆಯಲ್ಲಿ ಮಾಡಿದ್ದರು ಎಂದು ಸುಮ್ಮನಿರಬೇಡ, ನೀರು ತುಂಬುವುದು ಆಮೇಲೆ. ಮಾತು ತಡವಾದ ಮಕ್ಕಳಿಗೆಂದು ಅಮೆರಿಕದ ಪ್ರತಿ ರಾಜ್ಯದಲ್ಲೂ 'ಅರ್ಲಿ ಇಂಟರ್ವೆನ್ಷನ್' ಎಂಬ ಸರ್ಕಾರಿ ವ್ಯವಸ್ಥೆ ಇದೆ. ವೈದ್ಯರ ಚೀಟಿ ಬೇಕಿಲ್ಲ, ತಾಯಿಯೇ ಫೋನ್ ಮಾಡಬಹುದು, ಮೊದಲ ಪರೀಕ್ಷೆಗೆ ಹಣ ತೆಗೆದುಕೊಳ್ಳುವುದಿಲ್ಲ. ಆದರೆ ಅದು ಮೂರು ವರ್ಷ ತುಂಬುವವರೆಗೆ ಮಾತ್ರ. ನಂತರ ಶಾಲಾ ಜಿಲ್ಲೆಯವರ, ಅಂದರೆ ಆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವವರ, ಬಳಿ ಹೋಗಬೇಕು. ಆದ್ದರಿಂದ ಈ ವಾರವೇ ಫೋನ್ ಮಾಡು. ಮನೆಯಲ್ಲಿ ಕನ್ನಡ ಆಡುತ್ತೇವೆ, ಕನ್ನಡದಲ್ಲೂ ಪರೀಕ್ಷಿಸಬೇಕು, ದುಭಾಷಿ ಬೇಕು ಎಂದು ಮೊದಲೇ ಹೇಳು, ಹಾಗೆ ಕೇಳಲು ಕಾನೂನಿನಲ್ಲೇ ಅವಕಾಶವಿದೆ.

ಹೋಗುವ ಮೊದಲು ಮಗು ಆಡುವ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡು. ಕನ್ನಡದ್ದೂ ಇಂಗ್ಲಿಷಿನದ್ದೂ ಸೇರಿಸಿಯೇ ಎಣಿಸಬೇಕು. ಡೇಕೇರ್‌ನವರು ಇಂಗ್ಲಿಷ್ ಮಾತ್ರ ಎಣಿಸಿರುತ್ತಾರೆ. 'ಮೋರ್ ಹಾಲು' ಎಂದರೆ ಅದು ಎರಡು ಪದ ಜೋಡಿಸಿದ ವಾಕ್ಯವೇ. ಈ ವಯಸ್ಸಿಗೆ ಸುಮಾರು 50 ಪದಗಳು, ಎರಡು ಪದ ಜೋಡಿಸುವುದು ಇರಬೇಕು ಎಂದು ಅಲ್ಲಿಯ ವೈದ್ಯರು ನೋಡುತ್ತಾರೆ. ಡಿಸೆಂಬರಿಗೆ ಬಂದಾಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ತೋರಿಸೋಣ, ನಾನೇ ಜೊತೆಗೆ ಬರುತ್ತೇನೆ, ಆದರೆ ಅಲ್ಲಿಯವರೆಗೆ ಕಾಯಬೇಡ. ಶ್ರವಣ ಪರೀಕ್ಷೆಗೆ ಯಾವ ದಿನ ಕೊಟ್ಟರು ಎಂಬುದನ್ನು ಇಲ್ಲಿಯೇ ಬರೆ.