ದೊಡ್ಡಪ್ಪ-ದೊಡ್ಡಮ್ಮ ಬಿಟ್ಟುಹೋದದ್ದು: ಕಟ್ಟಡಕ್ಕಾ, ಕಾರು ಬಾಡಿಗೆಗಾ?

ಬಿಜೈಯವ:
ನನ್ನ ದೊಡ್ಡಪ್ಪ-ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ದೊಡ್ಡಮ್ಮನ ತಮ್ಮನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ), ಕೊನೆವರೆಗೂ ಇವರ ಜೊತೆಗೇ ಇದ್ದರು. ಈಗ ಮೂವರೂ ಇಲ್ಲ. ವಿಲ್‌ನಲ್ಲಿ ಮನೆ, ಬ್ಯಾಂಕ್ ಡಿಪಾಸಿಟ್ ಎಲ್ಲ "ಊರಿನ ಅಂಗವಿಕಲರಿಗೆ" ಅಂತ ಬರೆದಿದ್ದಾರೆ. ಮನೆ ಮಾರಿ ಅವರ ಹೆಸರಲ್ಲಿ ಒಂದು ದೊಡ್ಡ ಕಟ್ಟಡ ಕಟ್ಟಿಸೋಣ ಅಂತ ನಮ್ಮವರ ಮಾತು. ನನಗೂ ಅದೇ ಸರಿ ಅನಿಸುತ್ತದೆ. ಜಾಗ ಯಾವ ಕಡೆ ಒಳ್ಳೆಯದು?

ಸುರತ್ಕಲ್ ಟೀಚರ್:
ಜಾಗ ಆಮೇಲೆ ನೋಡುವ. ನಾನು ವಿಶೇಷ ಶಾಲೆಯಲ್ಲಿ ಪಾಠ ಮಾಡುವವಳು. ನಮ್ಮಲ್ಲೂ ದಾನಿಗಳು ಕಟ್ಟಿಸಿದ ಫಿಸಿಯೋಥೆರಪಿ ಕೋಣೆ ಇದೆ. ಬಾಗಿಲ ಪಕ್ಕ ಹೆಸರಿನ ಕಲ್ಲು. ಆದರೆ ಥೆರಪಿಸ್ಟ್‌ಗೆ ಸಂಬಳ ಕೊಡಲು ಹಣ ಇಲ್ಲ, ವಾರಕ್ಕೆ ಒಂದೇ ದಿನ ಬರುತ್ತಾರೆ. ಬಾಕಿ ದಿನ ಮಕ್ಕಳು ಹಿಡಿದು ನಡೆಯಬೇಕಾದ ಕಂಬಿಯ ಮೇಲೆ ಟವಲ್ ಒಣಗುತ್ತದೆ. ನೋಡುವಾಗ ಹೊಟ್ಟೆ ಉರಿಯುತ್ತದೆ.

ಕೊಕ್ಕಡ ಕಡೆಯವಳು:
ಗೇರು ತೋಟಕ್ಕೆ ಮೇಲಿಂದ ಎಂಡೋಸಲ್ಫಾನ್ ಸುರಿದ ಊರು ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನೇ ದೇಶದಲ್ಲೆಲ್ಲ ನಿಷೇಧಿಸಿತು. ನನ್ನ ಮಗ ಅದಕ್ಕೂ ಮೊದಲು ಹುಟ್ಟಿದವ. ಈಗ 26 ವರ್ಷ, ಎತ್ತಿಯೇ ಸ್ನಾನ ಮಾಡಿಸಬೇಕು. ಬಸ್ಸಿಗೆ ಹತ್ತಿಸಲು ಆಗುವುದಿಲ್ಲ. ಮಂಗಳೂರಿಗೆ ಹೋಗಲು ಕಾರೇ ಮಾಡಬೇಕು. ಬಾಡಿಗೆಗೆ ದುಡ್ಡಿಲ್ಲದೆ ಡಾಕ್ಟರ ತಾರೀಕು ಎಷ್ಟು ಸಲ ತಪ್ಪಿದೆಯೋ. ನಿಮ್ಮ ಕಟ್ಟಡಕ್ಕೆ ನಾವು ಬಂದು ಮುಟ್ಟುವುದು ಹೇಗೆ?

ಬಿಜೈಯವ:
ಅಕ್ಕ, ನಿಮ್ಮ ಕಷ್ಟ ಅರ್ಥವಾಯಿತು. ಆದರೆ ಹಂಚುತ್ತಾ ಹೋದರೆ ಎರಡು ವರ್ಷದಲ್ಲಿ ಖಾಲಿ. ಅವರ ನೆನಪಿಗೆ ಏನಾದರೂ ಉಳಿಯಬೇಕು ಅಲ್ವಾ?

ಉಡುಪಿಯ ಲೆಕ್ಕದವ:
ಖಾಲಿ ಯಾಕೆ ಆಗಬೇಕು ಮಾರಾಯ್ರೆ? ಇಬ್ಬರ ಹೆಸರಲ್ಲಿ ಟ್ರಸ್ಟ್ ಮಾಡಿ. ಡಿಪಾಸಿಟ್ಟನ್ನು ಮೂಲನಿಧಿ ಅಂತ ಬರವಣಿಗೆಯಲ್ಲೇ ತೋರಿಸಿ. ಅಸಲು ಮುಟ್ಟುವುದು ಬೇಡ, ಬಡ್ಡಿ ಮಾತ್ರ ಖರ್ಚು. ತೆರಿಗೆ ವಿನಾಯಿತಿ ಬೇಕಾದರೆ ವರ್ಷದ ಆದಾಯದ ಶೇ 85 ಆ ಕೆಲಸಕ್ಕೇ ಹೋಗಬೇಕು ಅಂತ ನಿಯಮ ಇದೆ. ಹಾಗಾಗಿ ಹಣ ಸುಮ್ನೆ ಬ್ಯಾಂಕಲ್ಲಿ ಮಲಗಿರುವುದಿಲ್ಲ.

ಮಣಿಪಾಲದಿಂದ:
ನಾನು ವೀಲ್‌ಚೇರ್‌ನಲ್ಲಿ ಇರುವವನು. ಟೀಚರ್ ಹೇಳಿದ್ದು ನಿಜ. ಆದರೂ ಕಟ್ಟಡವೇ ಬೇಡ ಅನ್ನಬೇಡಿ. ನನಗೆ ಕೆಲಸ ಸಿಕ್ಕಿತು, ಬಾಡಿಗೆ ಕೋಣೆ ಸಿಗಲಿಲ್ಲ. ಎಲ್ಲ ಕಡೆ ಮೆಟ್ಟಿಲು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ರ‍್ಯಾಂಪ್ ಬೇಕು, ಅಂಗಳ ಬಿಟ್ಟುಕೊಡಲು ಯಾವ ಓನರ್ ಒಪ್ಪುತ್ತಾರೆ? ಬಚ್ಚಲ ಬಾಗಿಲಿಗೆ ಚೇರ್ ಸಿಕ್ಕಿಹಾಕಿಕೊಂಡು ಒಂದು ಮನೆ ಹದಿನೈದೇ ದಿನಕ್ಕೆ ಬಿಟ್ಟೆ. ಅಣ್ಣ, ನಿಮ್ಮ ದೊಡ್ಡಪ್ಪನ ಮನೆ ಹೇಗಿದೆ? ಆ ತಮ್ಮ ಅಲ್ಲೇ ಇದ್ದರಲ್ಲ?

ಸುರತ್ಕಲ್ ಟೀಚರ್:
ಇದು ಒಳ್ಳೆಯ ಪ್ರಶ್ನೆ. ಕೊಕ್ಕಡದ ಅಕ್ಕ, ನಿಮಗೊಂದು ಮಾತು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಕಲತೆ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. 18 ದಾಟಿದ ಮಗನಿಗೆ ಕಾನೂನು ಪ್ರಕಾರ ಪೋಷಕರಾಗಲು ಜಿಲ್ಲಾಧಿಕಾರಿಗಳ ಸಮಿತಿಗೆ ಅರ್ಜಿ ಕೊಡಬೇಕು. ಅದರದ್ದೇ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿಗೂ ಆಗುತ್ತದೆ. ಮಾಡಿಸಿದ್ದೀರಾ?

ಕೊಕ್ಕಡ ಕಡೆಯವಳು:
ಅಂಗವಿಕಲರ ಕಾರ್ಡ್ ಇದೆ. ವಿಮೆ ಇಲ್ಲ. ಯಾರೂ ಹೇಳಿರಲಿಲ್ಲ.

ಬಿಜೈಯವ:
ಮನೆಗೆ ಹೋಗಿ ನೋಡಿ ಬಂದೆ. ಎಷ್ಟೋ ಸಲ ಹೋದ ಮನೆ, ಗಮನಿಸಿಯೇ ಇರಲಿಲ್ಲ. ಹೊಸ್ತಿಲೇ ಇಲ್ಲ. ಕೆತ್ತಿ ತೆಗೆದು ಸಿಮೆಂಟ್ ಸಮ ಮಾಡಿಸಿದ್ದಾರೆ, ಮುಂಬಾಗಿಲಿನದ್ದೂ ಸಹ. ಶುಕ್ರವಾರ ಹೊಸ್ತಿಲಿಗೆ ರಂಗೋಲಿ ಬಿಡದ ದೊಡ್ಡಮ್ಮ! ಕೊನೆಗೆ ಅಂಗಳದಲ್ಲೇ ಹಾಕುತ್ತಿದ್ದರು ಅಂತ ಪಕ್ಕದ ಮನೆಯವರು ಹೇಳಿದರು. ಬಚ್ಚಲಲ್ಲಿ ಸೊಂಟದ ಎತ್ತರಕ್ಕೆ ಸ್ಟೀಲ್ ಹಿಡಿಕೆ, ಅಗಲದ ಬಾಗಿಲು.

ಮನೆ ಮಾರುವುದು ಬೇಡ ಅಂತ ಈಗಷ್ಟೇ ಅಪ್ಪನಿಗೆ ಹೇಳಿದೆ. ನಾಲ್ಕು ಜನ ಇರಬಹುದು ಅಲ್ಲಿ. ಲೆಕ್ಕದವರೇ, ಭಾನುವಾರ ಸಿಗುತ್ತೀರಾ? ಕೊಕ್ಕಡದ ಅಕ್ಕ, ಮಗನ ಮುಂದಿನ ತಾರೀಕು ಯಾವತ್ತು? ಈ ಸಲದ ಕಾರು ನಾನೇ ತರುತ್ತೇನೆ.