ಸಹಾಯ ಬೇಕು: ನಾಲ್ಕು ಸಿಮೇಕ್ ಪ್ರಾಜೆಕ್ಟ್‌ಗಳನ್ನು ಒಂದೇ ಬಿಲ್ಡ್‌ಗೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಮೂರು ಲೈಬ್ರರಿ, ಒಂದು ಆಪ್ ಇವೆ. ಎಲ್ಲವೂ ಬಿಲ್ಡ್ ಆಗುವುದು ಸಿಮೇಕ್‌ನಿಂದ, ಅಂದರೆ ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಕೆಲಸ ನಡೆಸುವ ಟೂಲ್‌ನಿಂದ. ನಾಲ್ಕಕ್ಕೂ ಬೇರೆ ಬೇರೆ ಗಿಟ್ ರೆಪೊ. ತಳದ ಲೈಬ್ರರಿಯಲ್ಲಿ ಒಂದು ಸಾಲು ಬದಲಾಯಿಸಿದರೂ ಅದನ್ನು ಬಿಲ್ಡ್ ಮಾಡಿ, ಇನ್‌ಸ್ಟಾಲ್ ಮಾಡಿ, ಆಮೇಲೆ ಮುಂದಿನದಕ್ಕೆ ಹೋಗಬೇಕು. ನಡುವಿನದನ್ನು ಮತ್ತೆ ಬಿಲ್ಡ್ ಮಾಡಲು ಮರೆತರೆ ಅದರೊಳಗೆ ಹಳೆಯ ಹೆಡರ್, ಹೊರಗೆ ಹೊಸ ಲೈಬ್ರರಿ. ಕಳೆದ ವಾರ ಇಂಥದ್ದೇ ಒಂದು ಕ್ರ್ಯಾಶ್ ಹುಡುಕಲು ಎರಡು ದಿನ ಹಿಡಿಯಿತು.

ಹಾಗಾಗಿ ಮೇಲೊಂದು ಸಿಮೇಕ್ ಫೈಲ್ ಬರೆದು, ನಾಲ್ಕನ್ನೂ ಆಡ್_ಸಬ್‌ಡೈರೆಕ್ಟರಿ (ಇನ್ನೊಂದು ಫೋಲ್ಡರ್ ಅನ್ನು ಅದೇ ಬಿಲ್ಡ್‌ಗೆ ಸೇರಿಸುವ ಕಮಾಂಡ್) ಬಳಸಿ ಸೇರಿಸಿದೆ. ಎರಡು ಲೈಬ್ರರಿಗಳಲ್ಲಿ ‘ಯುಟಿಲ್ಸ್’ ಅನ್ನುವ ಟಾರ್ಗೆಟ್ (ಸಿಮೇಕ್ ಬಿಲ್ಡ್ ಮಾಡಬೇಕಾದ ಒಂದು ಘಟಕ) ಇತ್ತು. ಒಂದೇ ಹೆಸರು ಎರಡು ಸಲ ಬಂದರೆ ಸಿಮೇಕ್ ಒಪ್ಪುವುದಿಲ್ಲ ಅಲ್ವಾ, ಒಂದರ ಹೆಸರು ಬದಲಾಯಿಸಿದೆ. ಹಳೆಯ ಫೈಲ್‌ಗಳಲ್ಲಿ ಎಲ್ಲ ಕಡೆ ಸೋರ್ಸ್ ಫೋಲ್ಡರ್ ಎಲ್ಲಿದೆ ಎಂದು ಹೇಳುವ ಸಿಮೇಕ್_ಸೋರ್ಸ್_ಡಿರ್ ವೇರಿಯಬಲ್ ಇತ್ತು. ಈಗ ಅದು ಆಯಾ ಪ್ರಾಜೆಕ್ಟ್ ಬಿಟ್ಟು ಎಲ್ಲಕ್ಕಿಂತ ಮೇಲಿನ ಫೋಲ್ಡರ್ ತೋರಿಸುತ್ತದೆ. ಪ್ರಾಜೆಕ್ಟ್_ಸೋರ್ಸ್_ಡಿರ್ ಹಾಕಿದ ಮೇಲೆ ಸರಿಹೋಯಿತು.

ಉಳಿದ ಕಗ್ಗಂಟು ಫೈಂಡ್_ಪ್ಯಾಕೇಜ್, ಅಂದರೆ ಬೇಕಾದ ಲೈಬ್ರರಿಯನ್ನು ಹುಡುಕುವ ಕಮಾಂಡ್. ಲೈಬ್ರರಿ ಪಕ್ಕದ ಫೋಲ್ಡರ್‌ನಲ್ಲೇ ಇದ್ದರೂ ಆಪ್ ಮಾತ್ರ ಇನ್‌ಸ್ಟಾಲ್ ಆದದ್ದನ್ನೇ ಹುಡುಕುತ್ತದೆ. ಬೇರೆ ಪ್ರಾಜೆಕ್ಟನ್ನು ಪ್ರತ್ಯೇಕವಾಗಿ ಬಿಲ್ಡ್ ಮಾಡಿಸುವ ಸಿಮೇಕ್‌ನ ಎಕ್ಸ್‌ಟರ್ನಲ್‌ಪ್ರಾಜೆಕ್ಟ್ ಕೂಡ ನೋಡಿದೆ. ಅದು ಓಡುವುದು ಬಿಲ್ಡ್ ಸಮಯದಲ್ಲಿ. ಫೈಂಡ್_ಪ್ಯಾಕೇಜ್‌ಗೆ ಅದಕ್ಕೂ ಮೊದಲಿನ ಕಾನ್ಫಿಗರ್ ಹೊತ್ತಿಗೇ (ಸಿಮೇಕ್ ಫೈಲ್ ಓದುವಾಗಲೇ) ಲೈಬ್ರರಿ ಬೇಕು. ಫೆಚ್‌ಕಂಟೆಂಟ್ ಬೇರೆ ಪ್ರಾಜೆಕ್ಟ್‌ನ ಸೋರ್ಸನ್ನು ಕಾನ್ಫಿಗರ್ ಹೊತ್ತಿಗೇ ಬಿಲ್ಡ್‌ಗೆ ತರುತ್ತದೆ. ಸಿಮೇಕ್ 3.24ರಲ್ಲಿ ಅದಕ್ಕೆ ಬಂದ ಓವರ್‌ರೈಡ್_ಫೈಂಡ್_ಪ್ಯಾಕೇಜ್ (ಫೈಂಡ್_ಪ್ಯಾಕೇಜ್ ಕರೆದಾಗ ಆ ಸೋರ್ಸನ್ನೇ ಕೊಡುವ ಆಯ್ಕೆ) ಇದಕ್ಕೆ ಹೊಂದುತ್ತದೆ ಅನ್ನಿಸುತ್ತಿದೆ.

ಯಾರಾದರೂ ಅದನ್ನು ಪಕ್ಕದಲ್ಲೇ ಇರುವ ಸೋರ್ಸ್ ಫೋಲ್ಡರ್ ಜೊತೆ ಬಳಸಿದ್ದೀರಾ? ಪ್ರತಿ ಲೈಬ್ರರಿಗೂ ಅಲಿಯಾಸ್ ಟಾರ್ಗೆಟ್ (ಅದೇ ಟಾರ್ಗೆಟ್‌ಗೆ ಇನ್ನೊಂದು ಹೆಸರು) ಬರೆಯಬೇಕಾಯಿತಾ? ಒಂದು ಮಾತು: ಪ್ರತಿ ರೆಪೊ ಬಿಡಿಯಾಗಿಯೂ ಬಿಲ್ಡ್ ಆಗಲೇಬೇಕು. ಅವನ್ನು ಬೇರೆಯವರೂ ಬಳಸುತ್ತಿದ್ದಾರೆ, ಅವರಿಗೆ ತೊಂದರೆ ಕೊಡಲು ನನಗೆ ಇಷ್ಟವಿಲ್ಲ. ನಿಮ್ಮ ಸಿಮೇಕ್ ಫೈಲ್‌ನ ಒಂದು ತುಣುಕು ತೋರಿಸಿದರೂ ತುಂಬಾ ಸಹಾಯವಾಗುತ್ತದೆ.