ಅಪ್‌ಡೇಟ್: ಒಂಬತ್ತನೇ ತರಗತಿಯ ಗಣಿತ ಮತ್ತು ಆನ್‌ಲೈನ್ ಕೋರ್ಸ್

ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ಮಗಳನ್ನು ಗಣಿತಕ್ಕಾಗಿ ಹಣ ಕೊಟ್ಟು ಆನ್‌ಲೈನ್ ಕೋರ್ಸಿಗೆ ಸೇರಿಸಬೇಕೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಸದ್ಯ ಸೇರಿಸಿಲ್ಲ, ಪಠ್ಯಪುಸ್ತಕದಲ್ಲೇ ಮುದ್ರಿತವಾಗಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, 2017ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಡಿಜಿಟಲ್ ಕಲಿಕಾ ವೇದಿಕೆಯಾದ ದೀಕ್ಷಾದ ಉಚಿತ ಪಾಠಗಳನ್ನು ನೋಡುತ್ತಿದ್ದೇವೆ. ಅವನ್ನು ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದಾದ್ದರಿಂದ, ಸಂಜೆಯಾದರೆ ನೆಟ್‌ವರ್ಕ್ ಕೈಕೊಡುವ ನಮ್ಮ ಊರಿನಲ್ಲಿ ಬಹಳ ಅನುಕೂಲವಾಗಿದೆ.

ಹೆಚ್ಚಿನ ಪ್ರಯೋಜನ ದೊರೆತದ್ದು ಈ ಪಾಠಗಳನ್ನು ತರಗತಿಯ ಬೋಧನೆಗೆ ಜೋಡಿಸಿದ ರೀತಿಯಿಂದ. ಮರುದಿನ ಕಲಿಸುವ ವಿಷಯವನ್ನು ಗಣಿತ ಶಿಕ್ಷಕಿಯವರು ಮೊದಲೇ ತಿಳಿಸುತ್ತಾರೆ. ಬಹುಪದೋಕ್ತಿಗಳ ಅಪವರ್ತನ ಬಂದಾಗ, ಮಧ್ಯಪದವನ್ನು ಒಡೆಯುವ ಹಂತದಲ್ಲಿ ಮಗಳು ವಿಡಿಯೊ ನಿಲ್ಲಿಸಿ, ಗುಣಲಬ್ಧವೂ ಮೊತ್ತವೂ ಹೊಂದುವ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ತಾನೇ ಹುಡುಕಿ, ಬಳಿಕವಷ್ಟೇ ಮುಂದೆ ನೋಡುತ್ತಿದ್ದಳು. ಋಣ ಚಿಹ್ನೆಯಿಂದ ತೊಡಕಾದ ಲೆಕ್ಕಗಳಿಗೆ ಪುಟದ ಅಂಚಿನಲ್ಲಿ ಗುರುತು ಹಾಕಿಕೊಂಡು ಹೋಗುತ್ತಿದ್ದಳು. ವಿವರಣೆಯನ್ನು ಆಗಲೇ ಕೇಳಿರುವುದರಿಂದ ತರಗತಿಯ ಸಮಯ ಅಂಥ ತೊಡಕುಗಳನ್ನು ಬಿಡಿಸಲು ಸಿಗುತ್ತದೆ.

ಉಚಿತ ಆನ್‌ಲೈನ್ ಪಾಠಗಳ ತಾಣವಾದ ಖಾನ್ ಅಕಾಡೆಮಿಯ ಕನ್ನಡ ಪಾಠಗಳನ್ನು ಸೂಚಿಸಿದ್ದಿರಿ, ಅವೂ ನೆರವಾದವು. ಮನೆಯಲ್ಲಿ ಸ್ಮಾರ್ಟ್‌ಫೋನ್ ಸಿಗದ ಮಕ್ಕಳಿಗಾಗಿ ಶಿಕ್ಷಕಿಯವರು ಆಯಾ ಪಾಠದ ವಿಡಿಯೊವನ್ನು ಶಾಲೆಯ ಪ್ರೊಜೆಕ್ಟರ್‌ನಲ್ಲಿ ತೋರಿಸುತ್ತಾರೆ. ಈ ವ್ಯವಸ್ಥೆಯಿಲ್ಲದೆ ಆನ್‌ಲೈನ್ ಪಾಠವನ್ನೂ ತರಗತಿಯ ಬೋಧನೆಯನ್ನೂ ಜೋಡಿಸುವ ಮಿಶ್ರ ಕಲಿಕೆಯನ್ನು ಜಾರಿಗೆ ತರುವುದು ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ವಿಜ್ಞಾನಕ್ಕೂ ಇದೇ ಕ್ರಮವನ್ನು ಅನುಸರಿಸುತ್ತಿರುವ ಪೋಷಕರಿದ್ದರೆ, ಪ್ರಯೋಗಗಳ ಭಾಗವನ್ನು ಹೇಗೆ ನಿಭಾಯಿಸುತ್ತಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಿ.